ಖಾಲಾ ಹಾಕಿದ ಷರತ್ತು

ಆ ಸೋಮವಾರ ನನ್ನ ಡೈರಿಯಲ್ಲಿ ಬರೆದದ್ದು ಎರಡೇ ಸಾಲು. "ಖಾಲಾ ಹೋಟೆಲಿಗೆ ಬರಲು ಒಪ್ಪಿದರು. ಷರತ್ತು: ಒಂದು." ಒಪ್ಪಿದರು ಅನ್ನುವುದರ ಕೆಳಗೆ ಮೂರು ಗೆರೆ ಎಳೆದಿದ್ದೇನೆ. ಎಷ್ಟೇ ದೊಡ್ಡ ಸುದ್ದಿಯಾದರೂ ನಾನು ಒಂದೇ ಗೆರೆ ಎಳೆಯುವವನು.

ಖಾಲಾ ನಮ್ಮ ಶಾಲೆಯ ಬಿಸಿಯೂಟದ ಮುಖ್ಯ ಅಡುಗೆಯವರು. ದೇವದುರ್ಗದಿಂದ ಅರಕೇರಾ ಕಡೆಗೆ ಹೋಗುವ ಬಸ್ಸು ನಮ್ಮ ಶಾಲೆಯ ಮುಂದೆ ನಿಲ್ಲುತ್ತದೆ. ಬಸ್ಸಿನಿಂದ ಇಳಿದರೆ ಮೊದಲು ಕಾಣುವುದು ಹೆಡ್ ಮಾಸ್ತರರ ಕೋಣೆಯಲ್ಲ, ಖಾಲಾ ಅವರ ಅಡುಗೆಮನೆ. ಹಾಜರಿ ಪುಸ್ತಕದಲ್ಲಿ ಅವರಿಗೊಂದು ಹೆಸರಿತ್ತು. ಆ ಹೆಸರಿನಿಂದ ಯಾರಾದರೂ ಕರೆದದ್ದನ್ನು ನಾನು ಕೇಳಿಲ್ಲ. ಮನೆಯಲ್ಲಿ ತಾಯಿಯ ತಂಗಿಯನ್ನು ಚಿಗವ್ವ ಅನ್ನುವ ಮಕ್ಕಳೂ ಶಾಲೆಗೆ ಬಂದರೆ ಇವರನ್ನು ಖಾಲಾ ಅನ್ನುತ್ತಿದ್ದರು. ಹುದ್ದೆಯಲ್ಲಿ ಅವರಿಗಿಂತ ದೊಡ್ಡವರಾದ ಹೆಡ್ ಮಾಸ್ತರರೂ ಖಾಲಾ ಅನ್ನುತ್ತಿದ್ದರು.

ನಾನು ಈ ಶಾಲೆಗೆ ಬಂದದ್ದು ಮೊದಲ ನೌಕರಿಯ ಮೇಲೆ. ಊರು ಮಾನ್ವಿ; ದೇವದುರ್ಗದಲ್ಲಿ ರೂಮು ಮಾಡಿಕೊಂಡಿದ್ದೆ. ಬಂದ ಮೊದಲ ವಾರವೇ ಖಾಲಾ ನನ್ನ ಹಾಜರಿ ಲೆಕ್ಕವನ್ನು ಸೋಲಿಸಿದರು. ನಾನಿನ್ನೂ ತರಗತಿಯಿಂದ ತರಗತಿಗೆ ತಿರುಗಿ ಮಕ್ಕಳನ್ನು ಎಣಿಸುತ್ತಿದ್ದೆ, ಅವರು ಆಗಲೇ ಅಕ್ಕಿ ಅಳೆದು ತೊಳೆಯಲು ಹಾಕಿದ್ದರು. ಲೆಕ್ಕ ಕೊಡುವ ಮೊದಲೇ ಹೇಗೆ ಅಳೆದಿರಿ ಎಂದು ಕೇಳಿದೆ. ಬೆಳಗಿನ ಪ್ರಾರ್ಥನೆಯ ದನಿ ಕೇಳಿ ಅಂದರು. "ಇವತ್ತು ದನಿ ತೆಳ್ಳಗ ಅದರಿ ಸರ. ಹತ್ತಿ ಬಿಡಸಾಕ ಹೋಗ್ಯಾರ ಹುಡುಗ್ರು. ಹದಿನೈದು ಮಂದಿ ಕಮ್ಮಿ ಬಂದಾರ." ನಾನು ಎಣಿಸಿದಾಗ ಹದಿನೇಳು ಕಮ್ಮಿ ಇತ್ತು. ನನ್ನನ್ನು ಇಂಥವು ಬಿಡುವುದಿಲ್ಲ. ಮುಂದಿನ ಮೂವತ್ತು ಶಾಲಾದಿನ ಅವರ ಅಂದಾಜು ಒಂದು ಕಡೆ, ನನ್ನ ಎಣಿಕೆ ಇನ್ನೊಂದು ಕಡೆ ಬರೆದಿಟ್ಟೆ. ಇಪ್ಪತ್ತಾರು ದಿನ ವ್ಯತ್ಯಾಸ ಎರಡು ದಾಟಲಿಲ್ಲ. ಉಳಿದ ನಾಲ್ಕು ದಿನ ತಪ್ಪಿದ್ದು ಮೈಕು ಹಚ್ಚಿದ್ದರಿಂದ ಎಂದು ಅವರ ವಾದ. ಅದನ್ನೂ ಬರೆದಿಟ್ಟಿದ್ದೇನೆ.

ಅವರನ್ನು ಈಗ ನೆನೆದರೆ ಮೊದಲು ಕಣ್ಣಿಗೆ ಬರುವುದು ಅಡುಗೆಮನೆಯ ಬಾಗಿಲು. ನೂರ ನಲವತ್ತಮೂರು ಮಕ್ಕಳು ಸಾಲಾಗಿ ಕುಳಿತು ಉಣ್ಣುವಾಗ ಅವರು ಆ ಬಾಗಿಲಿಗೆ ಒರಗಿ, ಸೆರಗಿನಲ್ಲಿ ಕೈ ಸುತ್ತಿಕೊಂಡು ನಿಂತಿರುತ್ತಿದ್ದರು. ಯಾವ ಹುಡುಗ ತುತ್ತು ನುಂಗಿದ, ಯಾವ ಹುಡುಗಿ ಬರೀ ಕಲಸುತ್ತಾ ಕುಳಿತಿದ್ದಾಳೆ, ಎಲ್ಲ ಅಲ್ಲಿಂದಲೇ. ಕಲಸುತ್ತಾ ಕುಳಿತವಳ ಹತ್ತಿರ ಹೋಗಿ ಮೊದಲು ಹಣೆ ಮುಟ್ಟಿ ನೋಡುತ್ತಿದ್ದರು. ಆಮೇಲೆ ಬೈಗುಳ. ಕಡೆಯ ತಾಟು ಎದ್ದ ಮೇಲೆ ಬಾಗಿಲ ಹಿಂದೆ ನಿಂತು, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಣ್ಣುತ್ತಿದ್ದರು. ಅವರು ಕುಳಿತು ಉಂಡದ್ದನ್ನು ನಾನು ನೋಡಿದ್ದು ಸೊನ್ನೆ ಸಲ.

ಬಿಸಿಯೂಟಕ್ಕೆ ಒಂದು ನಿಯಮ ಇದೆ. ಮಕ್ಕಳಿಗೆ ಬಡಿಸುವ ಮೊದಲು ಒಬ್ಬ ಶಿಕ್ಷಕರು ರುಚಿ ನೋಡಿ ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡಬೇಕು. ಎಲ್ಲರಿಗಿಂತ ಕಿರಿಯನೆಂದು ಆ ಕೆಲಸ ನನ್ನ ಪಾಲಿಗೆ ಬಂತು. ಹಿಂದಿನ ಪುಟಗಳಲ್ಲಿ ಎಲ್ಲರೂ ಒಂದೇ ಮಾತು ಬರೆದಿದ್ದರು: "ರುಚಿ, ಶುಚಿ ಚೆನ್ನಾಗಿದೆ." ನಾನೂ ಅದನ್ನೇ ಬರೆದೆ. ಮೊದಲ ದಿನ ಬರೆದೆ, ಎರಡನೇ ದಿನ ಬರೆದೆ, ಆಮೇಲೆ ಅದು ಕೈಗೆ ರೂಢಿಯಾಯಿತು.

ಎರಡನೇ ವರ್ಷದ ರಂಜಾನ್ ತಿಂಗಳಲ್ಲಿ ಒಂದು ಸೋಮವಾರ ಅದು ಕೆಟ್ಟಿತು. ರೋಜಾ ಹಿಡಿದ ಖಾಲಾ ನಾಲಗೆಗೆ ಹನಿ ನೀರೂ ತಾಗಿಸದೆ ಇಡೀ ಅಡುಗೆ ಮಾಡುತ್ತಿದ್ದರು. ಜೊತೆಯ ಅಡುಗೆಯವರು ಶರಣಮ್ಮ; ಅವರಿಗೆ ಸೋಮವಾರದ ಒಪ್ಪತ್ತು, ರಾತ್ರಿಯವರೆಗೆ ಬಾಯಿಗೆ ಏನೂ ಹಾಕುವಂತಿಲ್ಲ. ಸಾಂಬಾರಿಗೆ ಖಾಲಾ ಉಪ್ಪು ಹಾಕಿ ಅಕ್ಕಿ ನೋಡಲು ಹೋದರು. ಶರಣಮ್ಮ ಬಂದು ಇನ್ನೂ ಹಾಕಿಲ್ಲ ಎಂದುಕೊಂಡು ಮತ್ತೊಮ್ಮೆ ಹಾಕಿದರು. ಇಬ್ಬರೂ ರುಚಿ ನೋಡುವಂತಿಲ್ಲ. ಬಟ್ಟಲು ನನ್ನ ಕೈಗೆ ಬಂತು. ಬಾಯಿಗಿಟ್ಟ ಕೂಡಲೇ ಗೊತ್ತಾಯಿತು. ಖಾಲಾ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಬಿಸಿಲಲ್ಲಿ, ಒಲೆಯ ಮುಂದೆ, ಒಣಗಿದ ತುಟಿಯಲ್ಲಿ ನಿಂತವರಿಗೆ ಉಪ್ಪು ಜಾಸ್ತಿ ಅನ್ನಲು ನನಗೆ ಮನಸ್ಸು ಬರಲಿಲ್ಲ. ನಕ್ಕು, "ಚೊಲೊ ಆಗ್ಯಾದ್ ಖಾಲಾ" ಅಂದೆ. ರಿಜಿಸ್ಟರಿನಲ್ಲಿ ಬರೆದೆ, ಸಹಿ ಮಾಡಿದೆ.

ಅವತ್ತು ಉಣ್ಣದೆ ಬಿಟ್ಟ ತಾಟು ಅರವತ್ತೆರಡು. ಖಾಲಾ ಅವನ್ನೆಲ್ಲ ಬಳಿದು ಎಮ್ಮೆಯ ಕಲಗಚ್ಚಿಗೆ ಹಾಕಿದರು. ಮರುದಿನ ಬೆಳಿಗ್ಗೆ ನಾನು ಬಸ್ಸಿಳಿಯುವುದನ್ನೇ ಕಾಯುತ್ತಿದ್ದರು. ದನಿ ಏರಿಸಲಿಲ್ಲ.

"ಸರ, ರೋಜಾದಾಗ ನನ್ನ ನಾಲಗಿ ನಿಮ್ಮ ಬಾಯಾಗ ಇರತದ. ನೀವ ಸುಳ್ಳ ಹೇಳಿದ್ರ ನಾ ಯಾರ್ನ ಕೇಳಬೇಕು?"

ಅವರು ಒಳಗೆ ಹೋಗಿ ಒಲೆ ಹಚ್ಚಿದರು. ಆ ರಂಜಾನ್ ಮುಗಿಯುವವರೆಗೆ ಉಳಿದ ಹನ್ನೊಂದು ಶಾಲಾದಿನ ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಹಬ್ಬ ಆದ ಮೇಲೆ ಅವರು ತಾವೇ ರುಚಿ ನೋಡತೊಡಗಿದರು. ನಾನು ಮತ್ತೆ ಹಳೆಯ ಸಾಲಿಗೆ ಮರಳಿದೆ.

ಈ ಜನವರಿಗೆ ಅವರಿಗೆ ಅರವತ್ತು. ಬೀಳ್ಕೊಡುಗೆ ಹೇಗೆ ಮಾಡೋಣ ಎಂದು ಸ್ಟಾಫ್ ರೂಮಿನಲ್ಲಿ ಮಾತು ಬಂದಾಗ ಹೆಡ್ ಮಾಸ್ತರರು ಶಾಲು, ಹಾರ, ಹಣ್ಣಿನ ಬುಟ್ಟಿ ಅಂದರು. ನಾನು ಡೈರಿ ತೆರೆದು ಆ ಸೊನ್ನೆಯನ್ನು ಓದಿ ಹೇಳಿದೆ. ಅವರನ್ನು ಒಮ್ಮೆ ಕೂಡಿಸಿ ಬಡಿಸಬೇಕು, ಅದೂ ರಾಯಚೂರಿನ ದೊಡ್ಡ ಹೋಟೆಲಿನಲ್ಲಿ ಅಂದೆ. ಗಣಿತದ ಟೀಚರು ಮೇಜು ಕುಟ್ಟಿದರು. ಹೆಡ್ ಮಾಸ್ತರರು ತಮ್ಮ ಕೊರಳಿನ ಲಿಂಗದ ಕಾಯಿ ಮುಟ್ಟಿಕೊಂಡು, ಶುದ್ಧ ಸಸ್ಯಾಹಾರಿ ಆಗಿರಬೇಕು ನೋಡ್ರಿ ಅಂದರು. ಅಷ್ಟಕ್ಕೇ ಸಭೆ ಮುಗಿಯಿತು.

ವಿಷಯ ಹೇಳಿದಾಗ ಖಾಲಾ ಮೊದಲು ನಕ್ಕುಬಿಟ್ಟರು. ಆಮೇಲೆ ಕಣ್ಣಲ್ಲಿ ಏನೋ ಹೊಳೆಯಿತು. ರಾಯಚೂರಿಗೆ ಮಗಳ ಮನೆಗೆ ಹೋಗುವಾಗ ಬಸ್ಸಿನಿಂದ ಒಂದು ಗಾಜಿನ ಬಾಗಿಲಿನ ಹೋಟೆಲು ನೋಡಿದ್ದರಂತೆ. ಒಳಗೆ ದೀಪ, ಬಿಳಿ ಮೇಜುಬಟ್ಟೆ. ಎಲ್ಲಿ ನೋಡಿದರೂ ಹೊಗೆ ಇಲ್ಲ. ಹೊಗೆ ಇಲ್ಲದೆ ಅಡುಗೆ ಹೇಗೆ ಮಾಡುತ್ತಾರೆ ಎಂಬುದು ಅವರಿಗೆ ಬಹಳ ವರ್ಷದ ಪ್ರಶ್ನೆ. "ಬರ್ತೀನ್ರಿ ಸರ. ಆದ್ರ ಅಡಗಿ ಮಾಡಿದವರ್ನ ನಂಗ ಭೆಟ್ಟಿ ಮಾಡಸಬೇಕು. ಉಂಡು ಸುಮ್ನ ಎದ್ದು ಬರಾಕ ನಾ ಒಲ್ಲೆ."

ಯಾಕೆ ಎಂದು ಕೇಳಿದೆ.

"ಹೇಳೂದು ಇರತದಲ್ರಿ ಅವ್ರಿಗಿ."

ಮಾತು ಕೊಟ್ಟೆ. ರೋಜಾದ ದಿನದ ಲೆಕ್ಕ ನನ್ನ ಮೇಲೆ ಇನ್ನೂ ಇತ್ತು. ಈ ಮಾತನ್ನಾದರೂ ಉಳಿಸಿಕೊಳ್ಳಬೇಕಿತ್ತು. ಆ ಹೋಟೆಲಿಗೆ ಮೂರು ಸಲ ಫೋನು ಮಾಡಿದೆ. ಮೊದಲ ಸಲ ಮ್ಯಾನೇಜರು ಇರಲಿಲ್ಲ. ಎರಡನೇ ಸಲ "ನೋಡೋಣ ಸರ್" ಅಂದರು. ಡೈರಿಯಲ್ಲಿ "ನೋಡೋಣ" ಎಂದು ಬರೆದು ಪಕ್ಕದಲ್ಲಿ ಅರ್ಧ ಟಿಕ್ ಹಾಕಿದೆ. ಮೂರನೇ ಸಲ ಅವರು ಒಪ್ಪಿದರು. ದಿನ, ಗಂಟೆ, ಆಡಿದ ಮಾತು ಎಲ್ಲ ಬರೆದುಕೊಂಡೆ. ಅದು ಮುಂದೆ ಕೆಲಸಕ್ಕೆ ಬಂತು.

ಜನವರಿಯ ಕೊನೆಯ ಭಾನುವಾರ ಮಧ್ಯಾಹ್ನ. ಶಾಲೆಯವರೆಲ್ಲ ದೇವದುರ್ಗದಿಂದ ಕ್ರೂಸರ್ ಗಾಡಿಯಲ್ಲಿ ಬಂದರು, ನಾನು ಮಾನ್ವಿಯ ಬಸ್ಸಿಗೆ ಬಂದು ಅರ್ಧ ಗಂಟೆ ಮೊದಲೇ ಬಾಗಿಲಲ್ಲಿ ನಿಂತಿದ್ದೆ. ಗಾಡಿಯಿಂದ ಖಾಲಾ ಇಳಿದರು. ಮಗಳ ಮದುವೆಯಲ್ಲಿ ಉಟ್ಟಿದ್ದ ಹಸಿರು ಸೀರೆ, ಕಿವಿಯಲ್ಲಿ ಅತ್ತರಿನ ಹತ್ತಿ. ಬಾಗಿಲು ಕಾಯುವವನು ಸೆಲ್ಯೂಟ್ ಹೊಡೆದು ಗಾಜಿನ ಬಾಗಿಲು ತೆರೆದ. ನಾವೆಲ್ಲ ನೋಡದವರ ಹಾಗೆ ಒಳಗೆ ಹೋದೆವು. ಖಾಲಾ ಮಾತ್ರ ನಿಂತು, ಸಲಾಮು ತಿರುಗಿ ಹೇಳಿ, ನಿಮ್ಮ ಊಟ ಆಯಿತೇನು ಎಂದು ಅವನನ್ನು ಕೇಳಿದರು. ಇನ್ನೂ ಆಗಿರಲಿಲ್ಲ. "ಇಷ್ಟ ದೊಡ್ಡ ಹೋಟೆಲ್ ಬಾಗಲದಾಗ ಹಸದ ನಿಂತಾನ್ ನೋಡ್ರಿ" ಎಂದು ನನಗೆ ಹೇಳಿದರು. ಒಳಗೆ ಕಾಲಿಡುವ ಮೊದಲೇ ಒಂದು ತಪಾಸಣೆ ಮುಗಿಯಿತು.

ಮೇಜಿನ ಮೇಲೆ ತಾಟುಗಳಿದ್ದವು. ಖಾಲಾ ಒಂದನ್ನು ಎತ್ತಿ ತೂಗಿ, ಬೋರಲು ಹಾಕಿ ತಳ ನೋಡಿ, ಶರಣಮ್ಮನ ಕೈಗೆ ಕೊಟ್ಟರು. ಇಂಥವು ನೂರ ನಲವತ್ತಮೂರು ತೊಳೆಯಬೇಕು, ಏನಂತಿ ಎಂದು ಕೇಳಿದರು. ಶರಣಮ್ಮ ತಾಟನ್ನು ಮೆಲ್ಲಗೆ ಕೆಳಗಿಟ್ಟು, "ಹಂಗಿದ್ರ ನಿನಕಿಂತ ಮೊದಲ ನಾ ರಿಟೈರ್ ಆಗ್ತಿದ್ದೆ ಬಿಡವ್ವ" ಅಂದರು. ಗಣಿತದ ಟೀಚರಿಗೆ ನೀರು ನೆತ್ತಿಗೇರಿತು.

ಮೆನು ಓದುವುದು ನನ್ನ ಕೆಲಸ. ಹೆಡ್ ಮಾಸ್ತರರು ಜೋಳದ ರೊಟ್ಟಿ ಇದೆಯೇ ಅಂದರು. ಮಿಲೆಟ್ ರೋಟಿ ಇದೆ ಎಂದು ಸರ್ವರ್ ಹೇಳಿದ. ಅದು ಬಂದಾಗ ನೋಡಿದರೆ ಜೋಳದ ರೊಟ್ಟಿಯೇ. ಅಂಗೈ ಅಗಲ, ಮೂರು ತುಂಡು, ಮೇಲೆ ಒಂದು ಕೊತ್ತಂಬರಿ ಎಲೆ. ಹೆಡ್ ಮಾಸ್ತರರು ಅದನ್ನು ಬಹಳ ಹೊತ್ತು ನೋಡಿದರು. ಖಾಲಾ ಅಷ್ಟರಲ್ಲಿ ಸರ್ವರ್‌ನಿಗೆ ಪ್ರಶ್ನೆ ಕೇಳಲು ಶುರು ಮಾಡಿದ್ದರು. ಬೇಳೆ ಯಾವುದು, ಎಷ್ಟು ಹೊತ್ತು ನೆನೆಸಿದ್ದು, ಒಗ್ಗರಣೆ ಎಣ್ಣೆಯದೋ ತುಪ್ಪದ್ದೋ, ಇವತ್ತು ಮೊದಲು ಒಲೆ ಮೇಲೆ ಏರಿದ್ದು ಯಾವುದು. ಕೇಳಿದ ಪ್ರಶ್ನೆ ಎಂಟು. ಅವನಿಗೆ ಗೊತ್ತಿದ್ದದ್ದು ಮೂರು. ಐದು ಸಲ ಒಳಗೆ ಹೋಗಿ ಕೇಳಿಕೊಂಡು ಬಂದ. ಆರನೇ ಸಲ ಅವನು ತಾನಾಗಿಯೇ, ಇನ್ನೇನಾದರೂ ಕೇಳಬೇಕೇ ಅಮ್ಮಾ ಎಂದು ನಗುತ್ತಾ ಬಂದ.

ಊಟ ಬಂತು. ಖಾಲಾ ಎದ್ದು ನಿಂತು ಸೌಟಿಗೆ ಕೈ ಹಾಕಿದರು. ಸರ್ವರ್ ಬಿಡಲಿಲ್ಲ. ಒಂದು ಸೌಟು, ಅದರ ಎರಡು ತುದಿಯಲ್ಲಿ ಇಬ್ಬರು. ಕಡೆಗೆ ಹೆಡ್ ಮಾಸ್ತರರು ಇವತ್ತೊಂದಿನ ಕುಂದರ್ರಿ ಖಾಲಾ ಎಂದ ಮೇಲೆ ಕುಳಿತು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡರು. ಅವನು ದಾಲ್ ಬಡಿಸಿದ. ಪನೀರಿನ ಮಸಾಲೆ ಬಡಿಸಿದ. ಎಡಗಡೆಯಿಂದ ಬಗ್ಗಿ, ಹನಿ ಬೀಳದಂತೆ. ಖಾಲಾ ತಾಟು ನೋಡಲಿಲ್ಲ, ಅವನ ಕೈಯನ್ನೇ ನೋಡುತ್ತಿದ್ದರು.

ಆಮೇಲೆ ಊಟಕ್ಕೆ ಕೈ ಹಾಕದೆ ನನ್ನ ಕಡೆ ನೋಡಿದರು. ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಇಷ್ಟು ವರ್ಷ ನಾನು ರುಚಿ ನೋಡದೆ ಯಾರೂ ಉಂಡಿಲ್ಲವಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕು ಚಮಚ ಎತ್ತಿಕೊಂಡೆ. ದಾಲ್ ಎಂಥ ದಾಲ್! ಬೆಳ್ಳುಳ್ಳಿ ಕೆಂಪಗಾಗಿ ಕರಿಯಾಗುವ ಮೊದಲೇ ನಿಂತಿತ್ತು. ಆಮೇಲೆ ಪನೀರು. ಕೆನೆ ಇತ್ತು, ಗೋಡಂಬಿ ಇತ್ತು, ಬಣ್ಣ ಇತ್ತು. ಉಪ್ಪೇ ಇರಲಿಲ್ಲ.

ಅದೇ ಹೊತ್ತಿಗೆ ಸರ್ವರ್ ಕೈ ಕಟ್ಟಿ ನಿಂತು ಊಟ ಹೇಗಿದೆ ಎಂದು ಕೇಳಿದ. ಚೊಲೊ ಅದ ಅಂದರು ಹೆಡ್ ಮಾಸ್ತರರು. ಸೂಪರ್ ಅಂದರು ಟೀಚರು. ಇಬ್ಬರೂ ಪನೀರನ್ನು ಇನ್ನೂ ಮುಟ್ಟಿರಲಿಲ್ಲ. ನನ್ನ ಬಾಯಲ್ಲೂ ಅದೇ ಮಾತು ತಯಾರಾಗಿತ್ತು. ಖಾಲಾ ನನ್ನ ಮುಖ ನೋಡುತ್ತಿದ್ದರು, ರೋಜಾದ ಆ ಸೋಮವಾರ ಬಾಗಿಲಲ್ಲಿ ನಿಂತು ನೋಡಿದ ಹಾಗೆಯೇ.

ದಾಲ್ ಬಹಳ ಚೆನ್ನಾಗಿದೆ, ಪನೀರಿನಲ್ಲಿ ಉಪ್ಪಿಲ್ಲ ಅಂದೆ.

ಸರ್ವರ್ ಗಾಬರಿಯಾಗಿ ಉಪ್ಪಿನ ಡಬ್ಬಿ ತಂದಿಟ್ಟ. ಖಾಲಾ ಅದನ್ನು ಪಕ್ಕಕ್ಕೆ ಸರಿಸಿ, ದಾಲ್, ಪನೀರು ಎರಡನ್ನೂ ಬಾಯಿಗಿಟ್ಟು ನೋಡಿದರು. ಮೇಲೆ ಹಾಕಿದ ಉಪ್ಪು ನಾಲಗೆಗೆ ತಾಗುತ್ತದೆ, ಪಲ್ಯದೊಳಗೆ ಇಳಿಯುವುದಿಲ್ಲ ಎಂದು ಅವನಿಗೆ ತಿಳಿಸಿ ಹೇಳಿ, ಇನ್ನು ಅಡುಗೆಯವರನ್ನು ಕರೆಯಿರಿ ಅಂದರು. ಬಂದದ್ದು ಮ್ಯಾನೇಜರು. ಕ್ಷಮಿಸಿ ಅಂದರು, ಬೇರೆ ಪನೀರು ಕೊಡಿಸುತ್ತೇನೆ ಅಂದರು, ಕಂಪ್ಲೇಂಟ್ ಇದ್ದರೆ ನನಗೆ ಹೇಳಿ, ಅಡುಗೆಯವರು ಹೊರಗೆ ಬರುವ ಪದ್ಧತಿ ಇಲ್ಲ ಅಂದರು.

"ಕಂಪ್ಲೇಂಟ್ ಅಲ್ರಿ ಯಪ್ಪಾ. ನಾನೂ ಅಡಗಿ ಮಾಡಾಕಿ."

ಮ್ಯಾನೇಜರು ನಗುತ್ತಲೇ ತಲೆ ಅಲ್ಲಾಡಿಸಿದರು. ಖಾಲಾ ತಾಟನ್ನು ಅಂಗೈ ಅಗಲ ಮುಂದೆ ತಳ್ಳಿದರು. ಜಗಳವಿಲ್ಲ, ಮುನಿಸಿಲ್ಲ. ಏಳುವ ತಯಾರಿ ಅಷ್ಟೇ. ನಾನು ಚೀಲದಿಂದ ಡೈರಿ ತೆಗೆದು, ಎದ್ದು ನಿಂತು, ತರಗತಿಯಲ್ಲಿ ಹಾಜರಿ ಕರೆಯುವ ದನಿಯಲ್ಲಿ ಓದಿದೆ: "ಗುರುವಾರ. ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಮೂರನೇ ಕರೆ. ಮ್ಯಾನೇಜರು: ಬರ್ತಾರೆ ಸರ್, ಐದು ನಿಮಿಷ ಕಳಿಸ್ತೀನಿ, ಚಿಂತೆ ಮಾಡಬೇಡಿ."

ಪಕ್ಕದ ಮೇಜಿನವರೂ ಊಟ ನಿಲ್ಲಿಸಿ ನೋಡುತ್ತಿದ್ದರು. ಮ್ಯಾನೇಜರು ಪುಟವನ್ನು ಇಣುಕಿ ನೋಡಿ, ಎಲ್ಲಾ ಬರೆದುಕೊಂಡಿದ್ದೀರಲ್ಲ ಸರ್ ಎಂದು ಒಳಗೆ ಹೋದರು.

ಅಡುಗೆಯವರು ಬಂದರು. ಒಡಿಶಾ ಕಡೆಯವರು, ನಲವತ್ತರ ಆಸುಪಾಸು. ಬಿಳಿ ಟೊಪ್ಪಿಗೆ ಕೈಯಲ್ಲಿ ಹಿಡಿದು, ಮೇಜಿನಿಂದ ಆರು ಹೆಜ್ಜೆ ದೂರ ನಿಂತು, ಯಾರೂ ಏನೂ ಕೇಳುವ ಮೊದಲೇ ಹಿಂದಿಯಲ್ಲಿ ಸಾರಿ ಅಂದರು. ಖಾಲಾ ಎದ್ದು ನಿಂತರು. ಅವರು ಎದ್ದದ್ದು ನೋಡಿ ಹೆಡ್ ಮಾಸ್ತರರೂ ಎದ್ದರು. ಒಬ್ಬೊಬ್ಬರಾಗಿ ಇಡೀ ಮೇಜು ಎದ್ದು ನಿಂತಿತು. ಆ ಮನುಷ್ಯ ಇನ್ನೂ ಹೆದರಿದ.

ಖಾಲಾ ತಮ್ಮ ಮನೆಯ ದಖ್ಖನಿ ಉರ್ದುವಿನಲ್ಲಿ ಮಾತಾಡಿದರು. ಮೊದಲು ದಾಲ್. ಬೆಳ್ಳುಳ್ಳಿಯನ್ನು ಸುಡಲು ಬಿಡದೆ ಸರಿಯಾದ ಹೊತ್ತಿಗೆ ಇಳಿಸಿದ್ದೀ, ಅದು ಎಲ್ಲರ ಕೈಗೆ ಬರುವುದಿಲ್ಲ ಅಂದರು. ಅವನು ಕತ್ತೆತ್ತಿ ನೋಡಿದ. ಆಮೇಲೆ ಪನೀರು. ಅವನ ಕೆಂಪಗಾದ ಕಣ್ಣು ನೋಡಿ, ದನಿ ತಗ್ಗಿಸಿ ಕೇಳಿದರು: "ತಬಿಯತ್ ಠೀಕ್ ನೈ ಕ್ಯಾ ಭಾಯ್?"

ಮೂರು ದಿನದಿಂದ ಶೀತ. ಮೂಗು ಕಟ್ಟಿದೆ, ನಾಲಗೆಗೆ ಏನೂ ಹತ್ತುವುದಿಲ್ಲ. ದಾಲ್ ಕೈಯ ಅಭ್ಯಾಸದಲ್ಲಿ ಬಂತು, ಉಳಿದದ್ದು ಅಂದಾಜು. ಎಲ್ಲ ಮೇಜಿನಿಂದಲೂ ಚೆನ್ನಾಗಿದೆ ಎಂದೇ ಹೇಳಿ ಕಳಿಸುತ್ತಿದ್ದರು, ಹಾಗಾಗಿ ಸರಿಯೇ ಇದೆ ಎಂದುಕೊಂಡಿದ್ದೆ ಅಂದ. ಹೇಳಿದ ಮೇಲೆ ಮ್ಯಾನೇಜರು ಪಕ್ಕದಲ್ಲೇ ಇರುವುದು ನೆನಪಾಗಿ ಅವರ ಕಡೆ ನೋಡಿದ.

ಖಾಲಾ ಮ್ಯಾನೇಜರ ಕಡೆ ತಿರುಗಿದರು. "ಇವ್ನಿಗಿ ಬೈಬ್ಯಾಡ್ರಿ. ಇವ್ನ ಹಂತೇಲಿ ಕೈ ಅದ, ನಾಲಗಿ ಇಲ್ಲ ಅಷ್ಟ. ಈ ಬಡಸೋ ತಮ್ಮಗ ಹೇಳ್ರಿ, ಆರಾಮ ಆಗೂತನ ಪ್ರತಿಯೊಂದು ರುಚಿ ನೋಡಿ ಖರೇ ಹೇಳ್ಲಿ. ಚೊಲೊ ಅದ ಅಂತ ಸುಮ್ನ ಹೇಳಿದ್ರ ಅವ್ನ ಕಿವಿ ಹಿಂಡ್ರಿ." ಎಂಟು ಪ್ರಶ್ನೆಯ ಸರ್ವರ್ ಕಿವಿ ಮುಟ್ಟಿಕೊಂಡ. ಮ್ಯಾನೇಜರು ನಕ್ಕರು. ಒಳ್ಳೆಯ ಐಡಿಯಾ ಅಮ್ಮಾ, ಇವತ್ತೇ ಶುರು ಅಂದರು.

ಅಡುಗೆಯವನು ಪನೀರಿನ ಬಟ್ಟಲು ತೆಗೆದುಕೊಂಡು ಹೋದ. ಒಂಬತ್ತು ನಿಮಿಷಕ್ಕೆ ತಾನೇ ಹೊಸದನ್ನು ತಂದು, ಚಮಚವನ್ನು ಖಾಲಾ ಮುಂದೆ ಹಿಡಿದ. ಖಾಲಾ ರುಚಿ ನೋಡಿದರು. ಈಗ ಅವರ ಮುಖವನ್ನು ಅವನು ನೋಡುತ್ತಿದ್ದ. "ಅಬ್ ಬರಾಬರ್" ಎಂದ ಕೂಡಲೇ ಅವನು ಟೊಪ್ಪಿಗೆ ತಲೆಗೆ ಹಾಕಿಕೊಂಡ. ನೀವು ಎಲ್ಲಿ ಅಡುಗೆ ಮಾಡುತ್ತೀರಿ ಎಂದು ಕೇಳಿದ. ನೂರ ನಲವತ್ತಮೂರು ಮಕ್ಕಳಿಗೆ ಎಂದು ಕೇಳಿ, ಒಬ್ಬರೇನಾ ಅಂದ. ಖಾಲಾ ಶರಣಮ್ಮನ ಭುಜ ಹಿಡಿದು ಮುಂದೆ ತಂದರು.

ಊಟ ಆದ ಮೇಲೆ ಅವನೇ ಇಬ್ಬರನ್ನೂ ಅಡುಗೆಮನೆಯ ಬಾಗಿಲವರೆಗೆ ಕರೆದುಕೊಂಡು ಹೋಗಿ ಹೊಗೆ ಎಲ್ಲಿ ಹೋಗುತ್ತದೆ ಎಂದು ತೋರಿಸಿದ. ನಾಲ್ಕು ನಿಮಿಷ. ಖಾಲಾ ತಿರುಗಿ ಬಂದಾಗ ಮುಖ ಬೆಳಗಿತ್ತು. "ಹೊಗಿ ಎಲ್ಲಾ ಮ್ಯಾಲ ಎಳಕೊಂತದರಿ ಸರ, ದೊಡ್ಡ ಕೊಳವಿ ಅದ. ನಮ್ಮ ಶಾಲಿಗೂ ಒಂದ ಹಾಕಸರಿ, ಶರಣಮ್ಮನ ಕಣ್ಣರ ಉಳಿತಾವ." ಹೆಡ್ ಮಾಸ್ತರರು ಹೋಟೆಲಿನ ಚಾವಣಿ ನೋಡತೊಡಗಿದರು. ಆ ಬೇಡಿಕೆಯನ್ನು ನಾನು ಡೈರಿಯಲ್ಲಿ ಬರೆದಿದ್ದೇನೆ, ಕೆಳಗೆ ಒಂದು ಗೆರೆ. ಅರ್ಜಿಯೂ ಹೋಗಿದೆ.

ಹೊರಡುವಾಗ ಖಾಲಾ ಬಾಗಿಲಲ್ಲಿ ಮತ್ತೆ ನಿಂತರು. ಬಾಗಿಲು ಕಾಯುವವನಿಗೆ ಈಗ ಊಟ ಆಗಿತ್ತು.

ಅದೇ ವಾರದ ಶುಕ್ರವಾರ ಅವರ ಕೊನೆಯ ಕೆಲಸದ ದಿನ. ಶಾಲು, ಹಾರ ಎಲ್ಲ ಮಧ್ಯಾಹ್ನದ ಮೇಲೆ ಇತ್ತು. ಅದಕ್ಕೂ ಮೊದಲು ಎಂದಿನಂತೆ ಅನ್ನ, ಸಾಂಬಾರು. ಪ್ರಾರ್ಥನೆ ಕೇಳಿ ಒಂದು ನೂರಾ ಮೂವತ್ತೆಂಟು ಅಂದಿದ್ದರು. ನನ್ನ ಎಣಿಕೆಯೂ ನೂರ ಮೂವತ್ತೆಂಟು. ನನಗೆ ಬಟ್ಟಲು ಕೊಟ್ಟು ಬಾಗಿಲಿಗೆ ಒರಗಿ, ಸೆರಗಿನಲ್ಲಿ ಕೈ ಸುತ್ತಿಕೊಂಡು ನಿಂತರು. ನಾನು ರಿಜಿಸ್ಟರಿನ ಹಿಂದಿನ ಪುಟಗಳನ್ನು ಬೆಳಿಗ್ಗೆಯೇ ಎಣಿಸಿದ್ದೆ: ನನ್ನ ಸಹಿ ನಾನೂರ ಹನ್ನೊಂದು, ಅವುಗಳಲ್ಲಿ ಅದೇ ಹಳೆಯ ಸಾಲು ಇರುವುದು ನಾನೂರು.

ಸಾಂಬಾರು ಬಾಯಿಗಿಟ್ಟೆ. ತೊಗರಿ ಬೆಂದು ಕರಗಿತ್ತು, ನುಗ್ಗೆಕಾಯಿ ಹದವಾಗಿತ್ತು. ಇನ್ನೊಮ್ಮೆ ನೋಡಿದೆ. ಹೊರಗೆ ತಾಟುಗಳ ಸದ್ದು ಶುರುವಾಗಿತ್ತು. ಇವತ್ತೊಂದು ದಿನ, ಈ ದಿನವಾದರೂ, ಎಂದು ಮನಸ್ಸು ಎಳೆಯಿತು.

"ಖಾಲಾ, ಉಪ್ಪು ಒಂದು ಚೂರು ಕಮ್ಮಿ ಆಗ್ಯಾದರಿ."

ಖಾಲಾ ಸೆರಗಿನಿಂದ ಕೈ ಬಿಡಿಸಿದರು. ಮುಷ್ಟಿಯಲ್ಲಿ ಮೊದಲೇ ಉಪ್ಪು ಇತ್ತು. ಅದನ್ನು ಸಾಂಬಾರಿಗೆ ಹಾಕಿ, ದೊಡ್ಡ ಸೌಟಿನಿಂದ ಮೂರು ಸುತ್ತು ತಿರುವಿದರು.

"ಗೊತ್ತಿತ್ರಿ ಸರ" ಅಂದರು. "ನೀವು ಹೇಳ್ತೀರೋ ಇಲ್ಲೋ ನೋಡಬೇಕಿತ್ತು. ಇನ್ನ ನಾ ಹೋಗ್ತೀನಿ."